ಒಂದೇ ಸಾಕು ಎನ್ನುವ ಸಾಕಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ಮುಂಬಾಗಿಲು ತೆರೆಯುವುದು ಎಂಟಕ್ಕೆ. ಹಿಂಬದಿಯ ಸಣ್ಣ ಬಾಗಿಲಿನಿಂದ ಒಳಗೆ ಬಂದ ಐವತ್ತೆರಡರ ಹೆಂಗಸು ಚಪ್ಪಲಿ ಬಿಟ್ಟು, ತಲೆಗೂದಲನ್ನೆಲ್ಲ ನೀಲಿ ಟೋಪಿಯೊಳಗೆ ತುರುಕಿ, ಮೊಣಕೈವರೆಗೆ ಕೈ ತೊಳೆದುಕೊಳ್ಳುತ್ತಾರೆ. ಎರಡು ನಿಮಿಷ, ಗೋಡೆಯ ಗಡಿಯಾರ ನೋಡಿಕೊಂಡೇ. ಸೋಪಿಗೆ ಪರಿಮಳವಿಲ್ಲ. ಅವರ ಮೈಮೇಲೂ ಯಾವ ಪರಿಮಳವಿಲ್ಲ. ಪೌಡರ್ ಇಲ್ಲ, ಸೆಂಟ್ ಇಲ್ಲ, ತಲೆಗೆ ಎಣ್ಣೆ ರಜೆಯ ದಿನ ಮಾತ್ರ.

"ನೀವೇನಾದ್ರೂ ಸೆಂಟ್ ಹಾಕಿದ್ದೀರಾ?" ಎಂದು ಇವರ ಬಗ್ಗೆ ಬರೆಯಲು ಬಂದ ನನ್ನನ್ನು ಕೇಳುತ್ತಾರೆ. ಹೌದು ಎನ್ನುತ್ತೇನೆ. "ಹಾಗಾದ್ರೆ ಗಾಜಿನ ಆಚೆನೇ ಇರಿ, ಬೇಜಾರು ಮಾಡ್ಕೋಬೇಡಿ. ಒಳಗಿರೋರಿಗೆ ಆಗಿಬರಲ್ಲ."

ಒಳಗಿರುವವರು ಇಪ್ಪತ್ತಮೂರು ಮಂದಿ. ಐದು ದಂಪತಿಗಳಿಗೆ ಸೇರಿದ ಭ್ರೂಣಗಳು. ತಾಯಿಯ ಅಂಡಾಣುವನ್ನೂ ತಂದೆಯ ವೀರ್ಯಾಣುವನ್ನೂ ಹೊರಗೆ, ಗಾಜಿನಂಥ ಪುಟ್ಟ ತಟ್ಟೆಯಲ್ಲಿ ಕೂಡಿಸಿ, ಮೈಯ ಶಾಖದಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಐದು ದಿನ ಇಟ್ಟು ಬೆಳೆಸುತ್ತಾರೆ. ಆಮೇಲೆ ಒಂದನ್ನು ತಾಯಿಯ ಗರ್ಭಕ್ಕೆ ಸೇರಿಸುತ್ತಾರೆ. ಈ ಐದು ದಿನ ಅವುಗಳನ್ನು ನೋಡಿಕೊಳ್ಳುವುದು ಇವರ ಕೆಲಸ. ಕಾಗದದ ಮೇಲೆ ಇವರು ಹಿರಿಯ ಭ್ರೂಣತಜ್ಞೆ. ಪೆಟ್ಟಿಗೆಯ ಮೊದಲ ಡ್ರಾಯರ್ ಎಳೆದು, ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಗ್ಗುವ ಮುನ್ನ ಅವರ ತುಟಿ ಅಲುಗುತ್ತದೆ. ಏನಂದಿರಿ ಎಂದು ಆಮೇಲೆ ಕೇಳಿದೆ. "ಹೇಗಿದ್ದೀರಪ್ಪಾ ಅಂದೆ. ದಿನಾ ಕೇಳ್ತೀನಿ. ಅಭ್ಯಾಸ ಆಗ್ಬಿಟ್ಟಿದೆ."

ಕೋಣೆಯಲ್ಲಿ ಬೆಳಕು ಮಂದ. ಒಂದೊಂದು ತಟ್ಟೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಹೊರಗಿನ ಗಾಳಿ ತಾಗಬಾರದು. ನೋಡಬೇಕು, ಮುಚ್ಚಬೇಕು, ಬರೆಯಬೇಕು. ದಿನಕ್ಕೆ ನಾಲ್ಕು ಸಲ ಪೆಟ್ಟಿಗೆಯ ಶಾಖ ಬರೆಯುತ್ತಾರೆ. ಪ್ರತಿ ತಟ್ಟೆಯ ಚೀಟಿಯನ್ನು ಎರಡು ಸಲ ಗಟ್ಟಿಯಾಗಿ ಓದುತ್ತಾರೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ. ಒಬ್ಬರ ತಟ್ಟೆ ಇನ್ನೊಬ್ಬರದ್ದಾದರೆ ಅದಕ್ಕಿಂತ ದೊಡ್ಡ ಅನಾಹುತ ಈ ವೃತ್ತಿಯಲ್ಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅಂಥದ್ದೊಂದೂ ಆಗಿಲ್ಲ. "ಆಗಿಲ್ಲ ಅಂತ ಹೇಳೋಕೂ ಭಯ. ನಾಳೆ ಬೆಳಗ್ಗೆನೂ ಕೈ ತೊಳೆದು ಒಳಗೆ ಹೋಗ್ಬೇಕಲ್ಲ," ಎನ್ನುತ್ತಾರೆ.

ಇಷ್ಟು ವರ್ಷದಲ್ಲಿ ಇವರ ಕೈ ದಾಟಿ ಹುಟ್ಟಿದ ಮಕ್ಕಳು ಮೂರು ಸಾವಿರಕ್ಕೂ ಮೇಲೆ. ಅವರ ಅಪ್ಪ ಅಮ್ಮಂದಿರು ಸಿಹಿಯ ಡಬ್ಬ ಹಿಡಿದು ಬರುವುದು ಡಾಕ್ಟರ ಕೋಣೆಗೆ. ಅದರಲ್ಲಿ ತಪ್ಪೇನೂ ಇಲ್ಲ, ಸುಸ್ತಾಗಿ ಬಂದವರ ಕೈ ಹಿಡಿದವರು ಡಾಕ್ಟರೇ. ಲ್ಯಾಬಿನ ಬಾಗಿಲ ಮೇಲೆ 'ಒಳಗೆ ಪ್ರವೇಶವಿಲ್ಲ' ಎಂದು ಕೆಂಪಕ್ಷರದಲ್ಲಿ ಬರೆದಿದೆ. ಅಲ್ಲಿ ಯಾರಿದ್ದಾರೆ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಆದರೂ ಇವರಿಗೊಂದು ಅಡ್ಡಹೆಸರಿದೆ. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಹಿಂದಿನ ದಿನ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡುವ ಕೆಲಸವನ್ನೂ ಇವರು ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದಾರೆ. ಬಂದವರಲ್ಲಿ ಮುಕ್ಕಾಲು ಪಾಲು ಜನ "ಎರಡು ಇಟ್ಟುಬಿಡಿ, ಅವಳಿ ಆದ್ರೆ ಒಂದೇ ಸಲಕ್ಕೆ ಸಂಸಾರ ಪೂರ್ತಿಯಾಗುತ್ತೆ" ಎನ್ನುತ್ತಾರೆ. ಇವರದ್ದು ಒಂದೇ ಉತ್ತರ: "ಒಂದೇ ಸಾಕು." ಮುಂದಿನ ಕೌಂಟರಿನ ಹುಡುಗಿಯರು ಮೊದಮೊದಲು ಇವರನ್ನು 'ಒಂದಕ್ಕ' ಎನ್ನುತ್ತಿದ್ದರಂತೆ. "ಶಾಲೇಲಿ ಕಿರುಬೆರಳೆತ್ತಿ ಟೀಚರನ್ನ ಕೇಳ್ತಿದ್ವಲ್ಲ, ಅದು ನೆನಪಾಗುತ್ತೆ ಕಣ್ರೇ, ದಯವಿಟ್ಟು ಬೇಡ ಅಂದೆ," ಎಂದು ನಗುತ್ತಾರೆ. ಆಮೇಲೆ ಅದು 'ಸಾಕಕ್ಕ' ಆಯಿತು. ಇದು ಅವರಿಗೂ ಒಪ್ಪಿಗೆ. "ಒಂದೇ ಸಾಕು ಅನ್ನೋದೂ ನಾನೇ, ಐದು ದಿನ ಸಾಕೋದೂ ನಾನೇ. ಎರಡೂ ಕಡೆಯಿಂದ ಸರಿಯಾಗಿದೆ."

ಹಿಂದೆ ಇವರು ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷ ಎಲ್ಲರಿಗೂ ಎರಡು ಭ್ರೂಣ, ಕೆಲವರಿಗೆ ಮೂರು. ಅವಳಿ ಎಂದು ಸ್ಕ್ಯಾನಿನಲ್ಲಿ ಕಂಡರೆ ಲ್ಯಾಬಿನವರೂ ಖುಷಿಪಡುತ್ತಿದ್ದರು. ಕಾಯುವ ಕೋಣೆಯ ಗೋಡೆ ತುಂಬ ಒಂದೇ ಬಣ್ಣದ ಅಂಗಿ ತೊಟ್ಟ ಜೋಡಿ ಮಕ್ಕಳ ಫೋಟೊಗಳು. "ನನಗೂ ಹೆಮ್ಮೆನೇ ಇತ್ತು. ಎರಡು ಇಟ್ಟೆ, ಎರಡೂ ನಿಂತ್ವು ಅಂದ್ರೆ ನನ್ನ ಕೈ ಚೆನ್ನಾಗಿದೆ ಅಂತ ಲೆಕ್ಕ."

ಅದೇ ಕೈಯಿಂದ ಅವರು ತಮ್ಮ ತಂಗಿಗೂ ಎರಡು ಭ್ರೂಣ ಆರಿಸಿಕೊಟ್ಟರು. ಹದಿಮೂರು ವರ್ಷದ ಹಿಂದಿನ ಮಾತು. ತಂಗಿ ಶಾಲೆಯಲ್ಲಿ ಗಣಿತದ ಟೀಚರ್. ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಎರಡೂ ನಿಂತವು. ಮನೆಯವರೆಲ್ಲ ಎರಡೆರಡು ತೊಟ್ಟಿಲ ಮಾತಾಡತೊಡಗಿದರು. ಇಪ್ಪತ್ತೊಂಬತ್ತನೇ ವಾರ, ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದ ತಂಗಿಗೆ ಕಣ್ಣು ಮಂಜಾಯಿತು. ಬಿಪಿ ನೂರೆಂಬತ್ತು ದಾಟಿತ್ತು. ಆವತ್ತೇ ಮಧ್ಯಾಹ್ನ ಆಪರೇಷನ್. ಹೆಣ್ಣು ಮಗು ಒಂದು ಕಿಲೋ ನೂರು ಗ್ರಾಂ. ಗಂಡು ಮಗು ಒಂಬೈನೂರು ಗ್ರಾಂ. ತಂಗಿ ಮೂರು ದಿನ ಐಸಿಯುನಲ್ಲಿ ಒಂದು ಕಡೆ, ಮಕ್ಕಳು ಐವತ್ತೆಂಟು ದಿನ ಶಿಶುಗಳ ಐಸಿಯುನಲ್ಲಿ ಇನ್ನೊಂದು ಕಡೆ. ಇವರು ಲ್ಯಾಬಿನ ಕೆಲಸ ಮುಗಿಸಿ ದಿನಾ ಮಧ್ಯಾಹ್ನ ಹೋಗಿ ಗಾಜಿನ ಈಚೆ ನಿಲ್ಲುತ್ತಿದ್ದರು.

"ನನ್ನ ಪೆಟ್ಟಿಗೆ ಒಳಗೆ ಐದು ದಿನ ಇದ್ವು, ಆವಾಗ ಏನೂ ತೊಂದರೆ ಇರ್ಲಿಲ್ಲ. ಇಲ್ಲಿ ಇನ್ನೊಂದು ಪೆಟ್ಟಿಗೆ. ಮೂಗಿಗೆ ನಳಿಕೆ, ಕಾಲಿಗೆ ಸೂಜಿ, ನನ್ನ ಹೆಬ್ಬೆರಳಷ್ಟು ಅಗಲದ ಪಾದ. ಇದು ನಾನು ಮಾಡಿದ್ದಾ ಅಂತ ನೋಡ್ತಾ ನಿಂತೆ."

ಹುಟ್ಟಿದ ನಾಲ್ಕನೇ ದಿನ ಗಂಡು ಮಗುವಿನ ಮಿದುಳಿನಲ್ಲಿ ರಕ್ತ ಸೋರಿತು. ಮಗು ಉಳಿಯಿತು, ಆದರೆ ಎಡಗಾಲು ಸೋತಿತು. ಈಗ ಅವನಿಗೆ ಹನ್ನೆರಡು. ಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆಯುತ್ತಾನೆ. ಶಾಲೆಯ ಕ್ರಿಕೆಟ್ ಪಂದ್ಯಗಳಿಗೆ ಮೈಕ್ ಹಿಡಿದು ಕಾಮೆಂಟರಿ ಹೇಳುವುದು ಅವನೇ. ಅಕ್ಕ ತಮ್ಮ ಇಬ್ಬರೂ ಮನೆಯಲ್ಲಿ ಕಿತ್ತಾಡುವುದು ಕೇಳಿದರೆ ಓಣಿಗೇ ಬೇಸರ ಎಂದು ದೊಡ್ಡಮ್ಮನಾದ ಸಾಕಕ್ಕ ದೂರುತ್ತಾರೆ, ಮುಖದಲ್ಲಿ ದೂರಿನ ಗೆರೆಯೂ ಇಲ್ಲದೆ. ನಾನು ಕಷ್ಟದ ಪ್ರಶ್ನೆಯನ್ನೇ ಕೇಳುತ್ತೇನೆ. ಆವತ್ತು ಒಂದೇ ಇಟ್ಟಿದ್ದರೆ ಇವರಲ್ಲಿ ಒಬ್ಬರು ಇರುತ್ತಿರಲಿಲ್ಲ, ಅಲ್ಲವೇ? ಸಾಕಕ್ಕ ಹೇಳುತ್ತಾರೆ: "ಇನ್ನೊಂದನ್ನ ಫ್ರೀಜ್ ಮಾಡಿ ಶೀತದಲ್ಲಿ ಕಾಪಾಡಿ ಇಡ್ತಿದ್ವಿ. ಎರಡು ವರ್ಷ ಬಿಟ್ಟು ಬರಬಹುದಿತ್ತು. ಬರ್ತಿತ್ತು ಅಂತ ಖಂಡಿತ ಹೇಳೋಕಾಗಲ್ಲ, ಅದೂ ನಿಜ. ಅವನು ಬೇಡವಾಗಿತ್ತು ಅಂತಲ್ಲ ನಾನು ಹೇಳೋದು. ಅವನಿಗೆ ಒಂಬತ್ತು ತಿಂಗಳು ಪೂರ್ತಿ ಸಿಗಬೇಕಿತ್ತು."

ತಂಗಿ ಒಂದು ದಿನವೂ ಅಕ್ಕನನ್ನು ದೂರಲಿಲ್ಲ. ಮಕ್ಕಳು ಮನೆಗೆ ಬಂದ ಮೇಲೆ ಸಾಕಕ್ಕ ಒಂದು ದಿನ ಆಸ್ಪತ್ರೆಯ ದಾಖಲೆ ತೆಗೆದು ತಂಗಿಯ ಪುಟ ನೋಡಿದರು. ಏಳನೇ ವಾರದ ಸ್ಕ್ಯಾನ್, ಎರಡು ಹೃದಯದ ಬಡಿತ, ಪಕ್ಕದಲ್ಲಿ 'ಅವಳಿ, ಯಶಸ್ವಿ' ಎಂಬ ಎರಡು ಪದ. ಪುಟ ಅಲ್ಲಿಗೆ ಮುಗಿದಿತ್ತು. ಅವರು ಹಿಂದಿನ ಪುಟಗಳನ್ನು ತಿರುವಿದರು. ಎಲ್ಲ ಪುಟಗಳೂ ಅಲ್ಲೇ ಮುಗಿಯುತ್ತಿದ್ದವು. ಏಳನೇ ವಾರದ ನಂತರ ತಾಯಂದಿರು ಬೇರೆ ಬೇರೆ ಹೆರಿಗೆ ಆಸ್ಪತ್ರೆಗಳಿಗೆ ಹೋಗುತ್ತಿದ್ದರು. ಆಮೇಲೆ ಏನಾಯಿತೆಂದು ಇಲ್ಲಿ ಯಾರೂ ಕೇಳಿರಲಿಲ್ಲ.

ಅವರು ಫೋನ್ ಹಿಡಿದು ಕೂತರು. ಊಟದ ಬಿಡುವಿನಲ್ಲಿ, ದಿನಕ್ಕೆ ಎರಡೋ ಮೂರೋ. ಹಿಂದಿನ ಎರಡು ವರ್ಷದಲ್ಲಿ ಅವಳಿ ಎಂದು ದಾಖಲಾಗಿದ್ದ ಅರವತ್ತೊಂದು ತಾಯಂದಿರಲ್ಲಿ ನಲವತ್ತೆಂಟು ಮಂದಿ ಸಿಕ್ಕರು. ಕೆಲವರು ಸಂತೋಷದಿಂದ ಮಾತಾಡಿದರು. ಒಬ್ಬಾಕೆ "ಈಗ ನೆನಪಾಯ್ತಾ ನಿಮಗೆ" ಎಂದು ಫೋನಿಟ್ಟರು. ನಲವತ್ತೆಂಟರಲ್ಲಿ ಮೂವತ್ತು ಹೆರಿಗೆ ದಿನ ತುಂಬುವ ಮೊದಲೇ ಆಗಿತ್ತು. ಹತ್ತೊಂಬತ್ತು ತಾಯಂದಿರ ಮಕ್ಕಳು ಐಸಿಯುನಲ್ಲಿದ್ದು ಬಂದಿದ್ದವು. ಐವರು ಒಂದು ಮಗುವನ್ನು ಕಳೆದುಕೊಂಡಿದ್ದರು. ಇಬ್ಬರು ಎರಡನ್ನೂ. ಉಳಿದವರಲ್ಲೂ ಕೆಲವರಿಂದ ಬಿಪಿ, ಸಕ್ಕರೆ, ಹೆರಿಗೆ ನಂತರದ ರಕ್ತಸ್ರಾವ ಎಂದು ಒಂದಲ್ಲ ಒಂದು ಮಾತು ಬಂತು.

ಹಾಗಂತ ಅವಳಿ ಎಂದರೆ ಕೆಡುಕೇ ಎಂದು ಅವರು ಹೇಳುವುದಿಲ್ಲ. "ಹದಿನೆಂಟು ಜನ ದಿನ ತುಂಬಿ ಹೆತ್ತು ನಗ್ತಾ ಮನೆಗೆ ಹೋಗಿದ್ರು. ಅದನ್ನೂ ಬರೆದೆ. ಹೆದರಿಸೋಕೆ ಅಂತ ಒಂದು ಕಡೆಯದ್ದನ್ನ ಮಾತ್ರ ಹೇಳಿದ್ರೆ ಅದೂ ಸುಳ್ಳೇ ಆಗುತ್ತಲ್ಲ."

ಆ ಹಾಳೆಗಳನ್ನು ದೊಡ್ಡ ಡಾಕ್ಟರ ಮುಂದಿಟ್ಟಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಈ ಆಸ್ಪತ್ರೆ ಕಟ್ಟಿದ ಹಿರಿಯ ವೈದ್ಯೆ ಅವರು. ಈಗ ಎಪ್ಪತ್ತರ ಹತ್ತಿರ. ಆ ದಿನದ ಬಗ್ಗೆ ಅವರೇ ನನಗೆ ಹೇಳಿದರು: "ನನಗೆ ಮೊದಲು ಕೋಪ ಬಂತು. ಒಂದು ಇಟ್ಟರೆ ಗರ್ಭ ನಿಲ್ಲೋದು ಕಮ್ಮಿಯಾಗುತ್ತೆ, ಜನ ಪಕ್ಕದ ಬೀದಿಯ ಆಸ್ಪತ್ರೆಗೆ ಹೋಗ್ತಾರೆ ಅಂದೆ. ಅವಳು ಎದುರು ಮಾತಾಡಲಿಲ್ಲ. 'ಮೇಡಂ, ಓದಿ ನೋಡಿ' ಅಂತ ಹಾಳೆ ಬಿಟ್ಟು ಹೋದಳು. ಓದಿದೆ. ಅವುಗಳಲ್ಲಿ ಏಳು ಹೆಸರು ನನಗೆ ಚೆನ್ನಾಗಿ ಗೊತ್ತಿದ್ದವರದ್ದು. ಅವರು ಮಗು ಕಳ್ಕೊಂಡಿದ್ದು ಮಾತ್ರ ನನಗೆ ಗೊತ್ತಿರಲಿಲ್ಲ." ವಾರದ ನಂತರ ಹೊಸ ಪದ್ಧತಿ ಬಂತು. ಚೆನ್ನಾಗಿ ಬೆಳೆದ ಭ್ರೂಣವಿದ್ದರೆ ಒಂದೇ. ತಾಯಿಯ ವಯಸ್ಸು ಮೀರಿದ್ದರೆ, ಭ್ರೂಣಗಳು ಅಷ್ಟಕ್ಕಷ್ಟೇ ಎನಿಸಿದರೆ ಎರಡಿಡುವ ಮಾತು ಈಗಲೂ ಬರುತ್ತದೆ. ಅದು ಡಾಕ್ಟರ ತೀರ್ಮಾನ, ಸಾಕಕ್ಕ ತಲೆಹಾಕುವುದಿಲ್ಲ. ಯಾವುದೇ ಆದರೂ ದಂಪತಿಗಳಿಗೆ ಎಲ್ಲ ಹೇಳಿ, ಅವರು ಒಪ್ಪಿದ ಮೇಲೆಯೇ.

ಹೇಳುವುದು ಹೇಗೆ? ಅವರ ಮಾತಿನಲ್ಲೇ ಕೇಳಿ. "ನಮ್ಮಲ್ಲಿ ಎರಡು ಇಟ್ಟು ಬಸುರಿಯಾದೋರಲ್ಲಿ ಮೂರೋ ನಾಲ್ಕೋ ಜನಕ್ಕೆ ಒಬ್ಬರಿಗೆ ಅವಳಿ. ಒಂದು ಇಟ್ರೆ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ, ಅದೂ ಆ ಒಂದೇ ಭ್ರೂಣ ತಾನಾಗಿ ಒಡೆದು ಎರಡಾದ್ರೆ. ಒಂದು ಇಟ್ರೆ ಆ ಸಲಕ್ಕೆ ನಿಲ್ಲೋದು ಸ್ವಲ್ಪ ಕಮ್ಮಿನೇ, ಮುಚ್ಚಿಡಲ್ಲ. ಆದ್ರೆ ಈ ಸಲ ಒಂದು, ನಿಲ್ಲದಿದ್ರೆ ಮುಂದಿನ ಸಲ ಇನ್ನೊಂದು ಅಂತ ಹೋದ್ರೆ, ಕೊನೆಗೆ ಎರಡನ್ನೂ ಒಟ್ಟಿಗೆ ಇಟ್ಟಷ್ಟೇ ಫಲ. ಕಾಯೋದು ಮಾತ್ರ ಜಾಸ್ತಿ." ಈ ಕಾಯುವುದೇ ಕಷ್ಟ ಎಂದು ಅವರಿಗೂ ಗೊತ್ತು. ಹತ್ತು ವರ್ಷ ಕಾದವರಿಗೆ ಇನ್ನೂ ಎರಡು ತಿಂಗಳು ಕಾಯಿರಿ ಎನ್ನುವುದು ಸುಲಭದ ಮಾತಲ್ಲ.

ಮೂರು ವರ್ಷದ ಹಿಂದೆ ಹಾಗೆ ಬಂದು ಕೂತವರು ಬಸ್ ಕಂಡಕ್ಟರ್ ಒಬ್ಬರು ಮತ್ತು ಅವರ ಹೆಂಡತಿ. ಹೆಂಡತಿ ಟೈಲರ್, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ವಯಸ್ಸು ಮೂವತ್ತಮೂರು, ಮದುವೆಯಾಗಿ ಒಂಬತ್ತು ವರ್ಷ. ನಾಲ್ಕು ಒಳ್ಳೆಯ ಭ್ರೂಣಗಳಿದ್ದವು. ಆಕೆ ನೇರವಾಗಿಯೇ ಹೇಳಿದರು: "ಎರಡು ಇಡಿ ಮೇಡಂ. ನಾನು ದಿನಾ ಸೂಜಿ ಹಿಡಿಯೋಳು, ಆದ್ರೂ ಇನ್ನೊಂದ್ಸಲ ಆ ಇಂಜೆಕ್ಷನ್ ನನ್ನ ಕೈಲಾಗಲ್ಲ." ಶೀತದಲ್ಲಿಟ್ಟ ಭ್ರೂಣ ಬಳಸುವಾಗ ಅಂಡಾಣು ಬೆಳೆಸುವ ಆ ಇಂಜೆಕ್ಷನ್ನುಗಳು ಮತ್ತೆ ಬೇಕಾಗುವುದಿಲ್ಲ ಎಂದು ಸಾಕಕ್ಕ ತಿಳಿಸಿದರು. ಅದು ಆಕೆಗೆ ಗೊತ್ತಿರಲಿಲ್ಲ. ಗಂಡನ ಮುಖ ನೋಡಿದರು. ಒಂದೇ ಇಡುವುದೆಂದಾಯಿತು.

ಅದು ನಿಲ್ಲಲಿಲ್ಲ.

ಎರಡು ವಾರದ ಪರೀಕ್ಷೆಯ ಕಾಗದ ಹಿಡಿದು ಕಂಡಕ್ಟರ್ ಒಬ್ಬರೇ ಲ್ಯಾಬಿನ ಬಾಗಿಲಿಗೆ ಬಂದರು. ಕೆಂಪಕ್ಷರದ ಕೆಳಗೆ ನಿಂತು ಬಾಗಿಲು ಬಡಿದರು. ಸಾಕಕ್ಕ ಹೊರಗೆ ಬಂದಾಗ ಕೂಗಾಡಲಿಲ್ಲ, ದನಿ ತಗ್ಗಿಸಿಯೇ ಹೇಳಿದರು: "ನಿಮ್ಮ ಮಾತು ಕೇಳಿದ್ವಿ. ಅವಳು ಎರಡು ದಿನದಿಂದ ಮೆಷಿನ್ ಮುಂದೆ ಕೂತಿಲ್ಲ. ಎರಡು ಇಟ್ಟಿದ್ರೆ ಒಂದಾದ್ರೂ ನಿಲ್ತಿತ್ತು ಅಂತ ನಮ್ಮಮ್ಮ ಅಂತಿದ್ದಾರೆ. ನಾನು ಏನು ಹೇಳ್ಲಿ ಅವರಿಗೆ?"

"ನಿಲ್ಲಬಹುದಿತ್ತು, ನಿಲ್ಲದೆಯೂ ಇರಬಹುದಿತ್ತು. ಅಷ್ಟೇ ನಿಜ ನನಗೆ ಗೊತ್ತಿರೋದು," ಎಂದರು ಸಾಕಕ್ಕ.

"ಇದನ್ನ ಹೇಳೋಕೆ ನೀವ್ಯಾಕೆ ಬೇಕು?" ಎಂದು ಕಂಡಕ್ಟರ್ ಹೊರಟುಹೋದರು.

ಆ ವಾರ ಊಟ ಸೇರಲಿಲ್ಲ ಎಂದು ಸಾಕಕ್ಕ ಒಪ್ಪಿಕೊಳ್ಳುತ್ತಾರೆ. "ಹಾಳೆ ಮೇಲಿನ ಅಂಕಿ ನೂರು ಜನಕ್ಕೆ. ಮುಂದೆ ನಿಂತಿರೋರು ಒಬ್ಬರು. ಅವರಿಗೆ ಆಗಿದ್ದು ಅವರಿಗೆ ನೂರಕ್ಕೆ ನೂರು." ದಂಪತಿಗಳು ಬೇರೆ ಕಡೆ ಹೋಗಿದ್ದಾರೆಂದೇ ಅವರು ಭಾವಿಸಿದ್ದರು. ಎರಡು ತಿಂಗಳ ನಂತರ ಟೈಲರ್ ಒಬ್ಬರೇ ಬಂದು ಎದುರು ಕೂತರು. ಈ ಸಲ ಬೇಕಾದದ್ದು ಉಪದೇಶ ಅಲ್ಲ ಎಂದು ಸಾಕಕ್ಕನಿಗೆ ಅನಿಸಿತು. "ನಿಮ್ಮ ಇಷ್ಟ ಅಮ್ಮಾ. ಡಾಕ್ಟರ್ ಹತ್ರ ಮಾತಾಡಿ, ಎರಡೇ ಬೇಕು ಅಂದ್ರೆ ಎರಡೇ. ಅದಕ್ಕೆ ಮೊದಲು ನನ್ನ ತಂಗಿ ಜೊತೆ ಒಂದ್ಸಲ ಮಾತಾಡ್ತೀರಾ?" ಎಂದು ಕೇಳಿದರು. ತಂಗಿಯ ಒಪ್ಪಿಗೆಯನ್ನು ಹಿಂದಿನ ದಿನವೇ ಪಡೆದಿದ್ದರು.

ಟೈಲರ್ ಭಾನುವಾರ ಬೆಳಿಗ್ಗೆ ತಂಗಿಯ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಆಕೆ ನನಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತೇ ಹೇಳಿದರು. "ಟೀಚರ್ ಏನೂ ಹೆದರಿಸಲಿಲ್ಲ. ಇಬ್ಬರು ಮಕ್ಕಳೂ ಟಿವಿ ರಿಮೋಟಿಗೆ ಜಗಳ ಆಡ್ತಿದ್ರು. ಚೆನ್ನಾಗೇ ಇದ್ರಲ್ಲ ಅನ್ನಿಸ್ತು. ಆಮೇಲೆ ಅವರು ಬೀರುವಿಂದ ಒಂದು ಟೋಪಿ ತೆಗೆದು ಕೊಟ್ರು. ಆಸ್ಪತ್ರೆಲಿ ಮಗನಿಗೆ ಹಾಕಿದ್ದು. ನಾನು ಹೊಲಿಯೋಳಲ್ವಾ, ಅಳತೆ ನೋಡೋದು ಅಭ್ಯಾಸ. ನನ್ನ ಮುಷ್ಟಿ ಅದರೊಳಗೆ ಹೋಗಿ ಬಿಗಿಯಾಯ್ತು. ಅಷ್ಟು ಸಣ್ಣ ತಲೆಗೆ ಟೋಪಿ ಹೊಲಿಯೋಕೆ ನನಗೆ ಬರಲ್ಲ ಅಂದ್ಕೊಂಡೆ."

ಮನೆಗೆ ಬಂದು ಅತ್ತೆಗೂ ಗಂಡನಿಗೂ ಒಂದೇ ಮಾತು ಹೇಳಿದರಂತೆ: ಹೊಟ್ಟೆ ನನ್ನದು, ತೀರ್ಮಾನವೂ ನನ್ನದು. ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ, "ಆಸ್ಪತ್ರೆಗೆ ನಾನೂ ಬರ್ತೀನಿ, ಸುಮ್ನೆ ಕೂತಿರ್ತೀನಿ," ಎಂದರು. ಎರಡನೇ ಸಲವೂ ಒಂದೇ ಭ್ರೂಣ. ಈ ಸಲ ನಿಂತಿತು.

ಏಳನೇ ವಾರದ ಸ್ಕ್ಯಾನಿನ ದಿನ ಡಾಕ್ಟರು ಪರದೆಯನ್ನು ಎರಡೆರಡು ಸಲ ನೋಡಿದರು. ಆಮೇಲೆ ಲ್ಯಾಬಿಗೆ ಫೋನ್ ಮಾಡಿ ಸಾಕಕ್ಕನನ್ನು ಕರೆಸಿದರು. ಟೋಪಿಯಲ್ಲೇ ಓಡಿಬಂದ ಸಾಕಕ್ಕನಿಗೆ ಪರದೆಯ ಮೇಲೆ ಕಂಡದ್ದು ಒಂದೇ ಚೀಲ, ಒಳಗೆ ಎರಡು ಬಡಿತ. ಇಟ್ಟ ಒಂದು ಭ್ರೂಣ ತಾನಾಗಿ ಒಡೆದು ಎರಡಾಗಿತ್ತು. ನೂರಕ್ಕೆ ಒಂದೋ ಎರಡೋ ಎಂದಿದ್ದರಲ್ಲ, ಅದು. ಮೊದಲು ಮಾತಾಡಿದವರು ಕಂಡಕ್ಟರ್: "ಟಿಕೆಟ್ ಒಂದೇ ತಗೊಂಡಿದ್ದು ಮೇಡಂ. ಹತ್ತಿರೋರು ಇಬ್ಬರು."

ಎಲ್ಲರೂ ನಕ್ಕರು, ಟೈಲರ್ ಅತ್ತರು, ಅತ್ತೆ ಬಾಯಿಬಿಡದೆ ಸೊಸೆಯ ಕೈ ಹಿಡಿದು ಕೂತರು. ಸಾಕಕ್ಕ ಲ್ಯಾಬಿಗೆ ವಾಪಸು ಬಂದು ಸ್ಟೂಲಿನ ಮೇಲೆ ಕೂತುಬಿಟ್ಟರು. "ಒಂದೇ ಸಾಕು ಅಂತ ಅಷ್ಟು ಹೇಳಿದೋಳಿಗೆ ನಗೋದೋ ಅಳೋದೋ ತಿಳೀಲಿಲ್ಲ. ಅದರಲ್ಲೂ ಒಡೆದು ಆದ ಅವಳಿಗೆ ಅಪಾಯ ಇನ್ನೂ ಒಂದು ಕೈ ಜಾಸ್ತಿ. ಎರಡಕ್ಕೂ ಸೇರಿ ರಕ್ತ ಒದಗಿಸೋ ಮಾಸು ಒಂದೇ. ಒಬ್ಬರ ಪಾಲಿನ ರಕ್ತ ಇನ್ನೊಬ್ಬರಿಗೆ ಹರಿದುಬಿಡಬಹುದು."

ಡಾಕ್ಟರು ಅದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಎರಡು ಇಟ್ಟು ಅದರಲ್ಲೊಂದು ಒಡೆದಿದ್ದರೆ ಮೂರಾಗುತ್ತಿತ್ತು ಎಂಬುದನ್ನೂ ಹೇಳಿದರು. ಆ ಮಾತಿಗೆ ಅತ್ತೆ ಮೊದಲ ಸಲ ಸಾಕಕ್ಕನ ಕಡೆ ತಿರುಗಿ ನೋಡಿ ತಲೆಯಾಡಿಸಿದರಂತೆ. ಶುರುವಿನಲ್ಲೇ ಗೊತ್ತಾದ್ದರಿಂದ ದಾರಿ ಸ್ಪಷ್ಟವಿತ್ತು. ಇಂಥ ಅವಳಿಗಳನ್ನು ಚೆನ್ನಾಗಿ ಬಲ್ಲ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹದಿನಾರನೇ ವಾರದಿಂದ ಹದಿನೈದು ದಿನಕ್ಕೊಂದು ಸ್ಕ್ಯಾನ್. ಕಂಡಕ್ಟರ್ ಪ್ರತಿ ಸ್ಕ್ಯಾನಿನ ದಿನ ಡ್ಯೂಟಿ ಬದಲಿಸಿಕೊಂಡು ಜೊತೆಗೆ ಹೋದರು. ಸ್ಕ್ಯಾನ್ ಮುಗಿದ ಕೂಡಲೇ ಸಾಕಕ್ಕನಿಗೆ ಫೋನ್. ಲ್ಯಾಬಿನ ಬಾಗಿಲಲ್ಲಿ ಬೆನ್ನು ತಿರುಗಿಸಿ ಹೋದ ಮನುಷ್ಯ ಈಗ ಫೋನ್ ಎತ್ತಿದೊಡನೆ ಹೇಳುತ್ತಿದ್ದ ಮಾತು ಒಂದೇ: "ಇಬ್ಬರೂ ಸೀಟಲ್ಲಿ ಕೂತಿದ್ದಾರೆ ಮೇಡಂ."

ಇಪ್ಪತ್ತಾರನೇ ವಾರ ಒಂದು ಮಗುವಿನ ಸುತ್ತ ನೀರು ತುಸು ಕಡಿಮೆ ಕಂಡಿತು. ಆ ಹತ್ತು ದಿನ ಯಾರಿಗೂ ನೆಮ್ಮದಿಯಿರಲಿಲ್ಲ. ಟೈಲರ್ ಆಸ್ಪತ್ರೆಯಲ್ಲೇ ಮಲಗಿದರು. ಸಾಕಕ್ಕ ದಿನಾ ಮಧ್ಯಾಹ್ನ ಕೆಲಸ ಮುಗಿಸಿ ಬಸ್ ಹತ್ತಿ ಹೋಗಿ ಪಕ್ಕದ ಕುರ್ಚಿಯಲ್ಲಿ ಒಂದು ಗಂಟೆ ಕೂತು ಬರುತ್ತಿದ್ದರು. "ಏನು ಮಾತಾಡ್ತಿದ್ರಿ?" ಎಂದರೆ, "ಬ್ಲೌಸಿನ ತೋಳಿನ ವಿಷಯ" ಎನ್ನುತ್ತಾರೆ. ಮುಂದಿನ ಸ್ಕ್ಯಾನಿನಲ್ಲಿ ನೀರು ಸರಿಯಾಗಿತ್ತು. ಮೂವತ್ತನಾಲ್ಕು ವಾರ ತುಂಬಿ ಐದು ದಿನಕ್ಕೆ ತಾಯಿಯ ಬಿಪಿ ಏರತೊಡಗಿದಾಗ ಇನ್ನು ಕಾಯುವುದು ಬೇಡವೆಂದು ಆಪರೇಷನ್ ಮಾಡಿದರು. ಇಬ್ಬರು ಹೆಣ್ಣುಮಕ್ಕಳು. ಒಂದು ಎರಡು ಕಿಲೋ ನೂರು ಗ್ರಾಂ, ಇನ್ನೊಂದು ಎರಡಕ್ಕೆ ನೂರು ಕಮ್ಮಿ. ಹನ್ನೊಂದು ದಿನ ಶಿಶುಗಳ ವಾರ್ಡಿನಲ್ಲಿದ್ದು ಮನೆಗೆ ಬಂದರು.

ಈಗ ಅವರಿಗೆ ಎರಡು ವರ್ಷ. ನಾನು ಹೋದ ದಿನ ಒಬ್ಬಳು ಗುಂಡಿಯ ಡಬ್ಬ ಬೋರಲು ಹಾಕಿ, ಇನ್ನೊಬ್ಬಳು ಅಳತೆಯ ಟೇಪನ್ನು ಅಜ್ಜಿಯ ಕೊರಳಿಗೆ ಸುತ್ತುತ್ತಿದ್ದಳು. "ಇನ್ನೂ ಎರಡು ಭ್ರೂಣ ಶೀತದಲ್ಲಿವೆ. ಯಾವತ್ತಾದ್ರೂ ಮನಸ್ಸು ಬಂದ್ರೆ ಹೋಗ್ತೀವಿ," ಎಂದು ಟೈಲರ್ ನಕ್ಕರು. "ಸಾಕಕ್ಕನಿಗೆ ಹೇಳಿದ್ದೀನಿ. ಆಗಲೂ ಒಂದೇ ಇಡಿ, ಆದ್ರೆ ಇಡೋ ಮುಂಚೆ ಅದರ ಕಿವೀಲೂ ಒಂದೇ ಸಾಕು ಅಂತ ಹೇಳಿ ಇಡಿ."

ಇವತ್ತಿನ ಕೆಲಸಕ್ಕೆ ಬರೋಣ. ಹನ್ನೊಂದು ಗಂಟೆಗೆ ಪಕ್ಕದ ಆಪರೇಷನ್ ಕೋಣೆಯ ಕಿಟಕಿ ತೆರೆಯುತ್ತದೆ. ಸಾಕಕ್ಕ ಆ ಕಡೆ ಮಲಗಿರುವ ಹೆಂಗಸಿನ ಹೆಸರು, ಗಂಡನ ಹೆಸರು, ನಂಬರು ಗಟ್ಟಿಯಾಗಿ ಓದುತ್ತಾರೆ. ಆಕೆ ಹೌದೆನ್ನುತ್ತಾರೆ. ಕೂದಲೆಳೆಯಂಥ ನಳಿಕೆಯೊಳಗೆ ಒಂದು ಹನಿ, ಹನಿಯೊಳಗೆ ಒಂದು ಭ್ರೂಣ. ಡಾಕ್ಟರ ಕೈಗೆ ಕೊಟ್ಟು, ಕೆಲಸ ಮುಗಿದ ನಳಿಕೆಯನ್ನು ವಾಪಸು ತೆಗೆದುಕೊಂಡು, ಒಳಗೆ ಏನೂ ಉಳಿದಿಲ್ಲವೆಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. "ಖಾಲಿ," ಎನ್ನುತ್ತಾರೆ. ಅಷ್ಟೇ. ಒಟ್ಟು ನಾಲ್ಕು ನಿಮಿಷ. ಮಲಗಿದ್ದವರಿಗೆ ಕಂಡದ್ದು ಕಿಟಕಿಯಾಚೆ ಮಾಸ್ಕಿನ ಮೇಲಿನ ಎರಡು ಕಣ್ಣು ಮಾತ್ರ.

ಮಧ್ಯಾಹ್ನ ಊಟದ ಡಬ್ಬ ತೊಳೆದಿಟ್ಟ ಮೇಲೆ ಆಸೆ ಏನಾದರೂ ಉಂಟೇ ಎಂದು ಕೇಳುತ್ತೇನೆ. ನಿವೃತ್ತಿಗೆ ಇನ್ನು ಆರು ವರ್ಷವಿದೆ. "ದೊಡ್ಡದೇನಿಲ್ಲ. ಬಂದೋರೆಲ್ಲ ನಿಲ್ಲುತ್ತಾ, ನಿಲ್ಲುತ್ತಾ ಅಂತ ಒಂದೇ ಪ್ರಶ್ನೆ ಕೇಳ್ತಾರೆ. ಅದು ತಪ್ಪಲ್ಲ. ಅದರ ಜೊತೆಗೆ, ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆಗೆ ಬಂದೋರು ನಿಮ್ಮಲ್ಲಿ ಎಷ್ಟು ಜನ ಅಂತಾನೂ ಕೇಳಬೇಕು. ಎಲ್ಲಾ ಕಡೆ ಕೇಳಬೇಕು. ಕೇಳಿದ್ರೆ ಎಲ್ಲರೂ ಬರೆದಿಡ್ತಾರೆ. ಹೋದ ತಿಂಗಳು ಒಬ್ಬ ಹುಡುಗಿ ಬಂದು ಕೂತವಳೇ ಅದನ್ನ ಮೊದಲು ಕೇಳಿದ್ಲು. ಯಾರು ಹೇಳಿಕೊಟ್ರೋ ಗೊತ್ತಿಲ್ಲ."

ಹೆರಿಗೆಯಾದವರಿಗೆ ಫೋನ್ ಮಾಡುವುದನ್ನು ಅವರು ಆವತ್ತಿನಿಂದ ನಿಲ್ಲಿಸಿಲ್ಲ. ಎರಡು ಗಂಟೆಗೆ ಇವತ್ತಿನ ಪಟ್ಟಿ ತೆಗೆದು ಫೋನ್ ಹಚ್ಚುತ್ತಾರೆ. ಆ ಕಡೆ ಮೊನ್ನೆ ಹೆತ್ತ ತಾಯಿ, ದಿನ ತುಂಬಿದ ಒಂದು ಮಗು. ಯಾರೆಂದು ಆಕೆಗೆ ತಿಳಿಯುವುದಿಲ್ಲ. "ಲ್ಯಾಬಿಂದಮ್ಮ... ಇಲ್ಲ ಇಲ್ಲ, ತೊಂದರೆ ಏನಿಲ್ಲ. ಮಗು ಹೇಗಿದೆ ಅಂತ ಕೇಳೋಕೆ ಮಾಡ್ದೆ." ಆ ಕಡೆಯಿಂದ ಉತ್ತರಕ್ಕೆ ಮೊದಲು ಮಗುವಿನ ಅಳು ಕೇಳುತ್ತದೆ, ಮೇಜಿನ ಈ ಕಡೆ ಕೂತ ನನಗೂ ಕೇಳುವಷ್ಟು ಗಟ್ಟಿ. ತಾಯಿ ಸಂಕೋಚದಿಂದ ಆಮೇಲೆ ಮಾಡ್ತೀನಿ ಎನ್ನುತ್ತಿರಬೇಕು. "ಪರವಾಗಿಲ್ಲ, ಅಳಲಿ ಬಿಡಿ. ಫೋನ್ ಇಡಬೇಡಿ," ಎನ್ನುತ್ತಾರೆ ಸಾಕಕ್ಕ.

ಅಳು ನಿಲ್ಲುವವರೆಗೂ ಅವರು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿರುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ಹೇಳುತ್ತಾರೆ: "ನಾನು ನೋಡಿದಾಗ ಪುಡಿ ಉಪ್ಪಿನ ಒಂದು ಹರಳಿಗಿಂತ ಸಣ್ಣಗಿತ್ತು. ದನಿ ಕೇಳಿದ್ದು ಇವತ್ತೇ."